ಬಿಚ್ಚಿಕೊಂಡ ದಾರ

ಹೋಗುತ್ತಿಲ್ಲ, ಎಷ್ಟು ಸಗಣಿ ಬಳಿದರೂ ಅಡಿಯಿಂದ ಕರ್ರಗೆ ಎದ್ದು ಬರುತ್ತದೆ, ಕಾರು ನಿಲ್ಲುತ್ತಿದ್ದ ಜಾಗದ ಈ ಎಣ್ಣೆ ಕಲೆ, ಮೊದಲು ಅಂಗೈಯಷ್ಟಿತ್ತು, ಈಗ ಮೊರದಷ್ಟಾಗಿದೆ, ಅಥವಾ ನನ್ನ ಕಣ್ಣಿಗೇ ಹಾಗೆ ಕಾಣುತ್ತದೋ ಏನೋ — ಎಡಗೈ ನೆಲಕ್ಕೆ ಊರಿ ಬಲಗೈಯಲ್ಲಿ ಬಾಗುಬಾಗಾಗಿ ಸಾರಿಸುತ್ತ ಹಿಂದಕ್ಕೆ ಸರಿಯುತ್ತೇನೆ, ಹಸಿರು ಆರುವ ಮೊದಲೇ ನಡುವೆ ಕಪ್ಪು ಇಣುಕುತ್ತದೆ, ಸಗಣಿ ವಾಸನೆಯ ಒಳಗಿಂದ ಡೀಸೆಲ್ ವಾಸನೆ, ಅಂಗೈಯಷ್ಟು ಅಂದೆನಲ್ಲ, ಅನ್ನಬಾರದಿತ್ತು, ಆ ಮಾತು ಬಂದರೆ ಸಾಕು ಮತ್ತೆ ಅದೇ ಕಣ್ಣಿಗೆ ಕಟ್ಟುತ್ತದೆ, ತೊಳೆದು ನಿಲ್ಲಿಸಿದ ಕಾರು, ಒದ್ದೆ ಬಾನೆಟ್ಟು, ಅದರ ಮೇಲೆ ಮೇಷ್ಟ್ರ ಅಂಗೈ ಮೂಡಿಸಿಹೋದ ಗುರುತು, ಐದು ಬೆರಳು, ಸುತ್ತ ನೀರಿನ ಹನಿ — ಬೇಡ, ಸಾರಿಸು, ಸಾರಿಸುವುದನ್ನು ನೋಡು. ಬಾಗಿಲಲ್ಲಿ ಸೊಸೆ ನಾಗಲಕ್ಷ್ಮಿ ನಿಂತಿದ್ದಾಳೆ, ಬಗಲಲ್ಲಿ ಬಟ್ಟೆ ಬುಟ್ಟಿ, ಅತ್ತೆ, ಬುಡಿ ಅದುನ್ನ, ಎಣ್ಣೆ ಕುಡ್ದಿರೋ ನೆಲ ಅದು, ಎಷ್ಟು ತಿಕ್ಕಿದ್ರೂ ಅಷ್ಟೆ, ನಿಮ್ಮಗ ಸಿಮೆಂಟ್ ಆಕಿಸ್ತೀನಿ ಅಂದವ್ರೆ, ಹೊಸ ಗಾಡಿ ಬರೋಕ್ಕೆ ಮುಂಚೆ. ಹ್ಞೂಂ ಅಂದೆ. ಅವಳು ಹೋಗಲಿಲ್ಲ. ನಮ್ ಗಾಡಿ ತಗಂಡ ಆ ಶೋಭಿತಕ್ಕ ಫೋನ್ ಮಾಡಿದ್ಳು ಅತ್ತೆ, ಗಾಡಿ ಅವಳ ಹೆಸರಿಗೆ ಆಯ್ತಂತೆ, ಸೋಮವಾರದಿಂದ ಟ್ರಿಪ್ಪು ಶುರುವಂತೆ, ಮಲ್ಲಿಪಟ್ಟಣದಿಂದ ಗಾರ್ಮೆಂಟ್ಸ್ ಹೆಂಗಸ್ರನ್ನ ಕೂರಿಸ್ಕೊಂಡು ಹಾಸನಕ್ಕೆ ಬಂದು, ಕತ್ತಲಾದ ಮ್ಯಾಲೆ ಮತ್ತೆ ಮನೆಗೆ ಬುಡೋದಂತೆ, ಏನ್ ಧೈರ್ಯ ನೋಡಿ ಹೆಂಗಸು — ಹಾಂ, ಅವರಪ್ಪ ಕೆಂಪಣ್ಣ ಮೇಷ್ಟ್ರು ನಿಮ್ಮನ್ನ ಕೇಳಿದ್ರಂತೆ, ಬೆಟ್ಟಮ್ಮ ಎಂಗವಳೆ ಅಂತ. ಹೆಂಗಿದ್ದಾಳೆ ಬೆಟ್ಟಮ್ಮ, ನೆಲದ ಮೇಲೆ ಮಂಡಿಯೂರಿ ಕೂತಿದ್ದಾಳೆ, ಕೈಯಲ್ಲಿ ಸಗಣಿ, ತಲೆ ಎತ್ತಿದರೆ ಗೋಡೆಯ ಮೊಳೆಯಲ್ಲಿ ಆ ಕಪ್ಪು ದಾರ, ಒಂದು ಕವಡೆ, ಒಣಗಿ ಕಲ್ಲಾದ ನಿಂಬೆಹಣ್ಣು, ಎರಡು ಮೆಣಸಿನಕಾಯಿ, ಕಾರಿನ ಮುಂದಿನಿಂದ ನಾನೇ ನನ್ನ ಕೈಯಾರೆ ಬಿಚ್ಚಿಕೊಂಡದ್ದು, ಗಾಳಿಗೆ ಮೆಲ್ಲಗೆ ತಿರುಗುತ್ತದೆ, ತಿರುಗಿ ನನ್ನ ಕಡೆಯೇ ನೋಡುತ್ತದೆ.

ಹನ್ನೊಂದು ವರ್ಷ ನಿಂತ ಗಾಡಿ ಇಲ್ಲಿ, ಹೆಂಗಸರ ಹೆಸರಿಗಾದರೆ ಬಡ್ಡಿ ಕಡಿಮೆ ಎಂದು ನನ್ನ ಹೆಸರಲ್ಲೇ ತೆಗೆದದ್ದು, ಬೆಟ್ಟಮ್ಮ ಕೋಂ ಚಲುವಯ್ಯ, ಕಾರಿನ ಪುಸ್ತಕದಲ್ಲಿ ನನ್ನ ಹೆಸರಿನ ಹಿಂದೆ ನಮ್ಮ ಯಜಮಾನರ ಹೆಸರು, ಕಾರು ಬರುವುದನ್ನು ನೋಡಲು ಅವರು ಇರಲಿಲ್ಲ ಆದರೂ ಹೆಸರು ಕಾರಿನ ಜೊತೆ ಓಡಾಡಿಕೊಂಡಿತ್ತು, ನಮ್ಮ ಕೇರಿಯಲ್ಲಿ ಮೊದಲ ಕಾರು, ಹಳದಿ ಬೋರ್ಡಿನ ಬಿಳಿ ಕಾರು, ಮಗ ನಾಗೇಶ ಅದರಲ್ಲೇ ಉಂಡ, ಅದರಲ್ಲೇ ಮಲಗಿದ, ಫೋಟೋ ಹಿಡಿಯುವವರನ್ನು ಶೆಟ್ಟಿಹಳ್ಳಿಯ ಹಿನ್ನೀರಿಗೆ ಬಿಟ್ಟು ಅವರು ಮುರುಕು ಚರ್ಚಿನ ಮುಂದೆ ಕುಣಿದು ದಣಿಯುವ ತನಕ ಕಾದ, ಹೊಳೆನರಸೀಪುರದಿಂದ ಮದುವೆ ಹೆಣ್ಣುಗಳನ್ನು ತಂದ, ಬಸುರಿಯರನ್ನು ಹಾಸನಕ್ಕೆ ಒಯ್ದ, ಮೀಟರು ಮೂರು ಲಕ್ಷ ದಾಟಿ ಅದರ ಮೇಲೆ ನಲವತ್ತು ಸಾವಿರ ಆಯಿತು, ಅವನ ಬೆನ್ನು ಬಾಗಿತು, ಕಾರಿನ ಗಂಟಲು ಕೆಟ್ಟಿತು. ಬೆಳಿಗ್ಗೆ ಚಾಲೂ ಮಾಡಿದರೆ ನೀಲಿ ಹೊಗೆ, ಒಣಹಾಕಿದ ಬಟ್ಟೆಯೆಲ್ಲ ನಾರುತ್ತಿತ್ತು, ಕಟ್ಟಾಯದ ಮೆಕ್ಯಾನಿಕ್ ಸಣ್ಣಯ್ಯ ಇದೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟು ಕೇಳಿದ, ರೋಗಿಯ ಎದೆ ಕೇಳುವ ಡಾಕ್ಟರ ಹಾಗೆ, ಎದ್ದು ನನ್ನನ್ನೇ ನೋಡಿ ಹೇಳಿದ, ಬೆಟ್ಟಕ್ಕ, ನಿನ್ ಗಾಡಿ ಡೀಸೆಲ್‌ಗಿಂತ ಎಂಜಿನ್ ಆಯಿಲ್ನೇ ಜಾಸ್ತಿ ಕುಡೀತೈತೆ, ನಮ್ಮೂರ್ ಕುಡುಕ್ರೆಲ್ಲ ಇದರ ಮುಂದೆ ವಾಸಿ, ಒಳಗೆ ರಿಂಗು ಸವೆದೋಗವೆ, ಎಂಜಿನ್ ಇಳಿಸಿ ಬಿಚ್ಚಬೇಕು, ಮಾಡಿಸ್ದಲೆ ಜನ ತುಂಬ್ಕೊಂಡು ಏರು ಹತ್ಸುದ್ರೆ ಒಂದಿನ ಅಂಗೇ ಕಚ್ಕೊಂಡು ನಿಂತ್ಕೊತದೆ, ಆಮೇಲೆ ಇಲ್ಲಿಂದ ನಾನ್ ಬಂದ್ರೂ ಅಷ್ಟೆ ದ್ಯಾವರು ಬಂದ್ರೂ ಅಷ್ಟೆ. ನಾನು ಕೇಳಿದ್ದೇನೆ, ಈ ಕಿವಿಯಲ್ಲಿ ಕೇಳಿದ್ದೇನೆ, ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಇಳಿಸಿ ಮಾಡಿಸಿದ್ರೆ ಗಾಡಿ ರೇಟಿನ ಅರ್ಧ ಅಲ್ಲೇ ಓಯ್ತದೆ ಕಣವ್ವ ಅಂದ ನಾಗೇಶ, ಮಾರಿಬುಡಾಣ, ಅದರ ಮ್ಯಾಲೆ ಬ್ಯಾಂಕಿನೋರು ಸ್ವಲ್ಪ ಕೊಟ್ರೆ ಇನ್ನೊಂದು ತಗಬೋದು. ಹಂಗಾದ್ರೆ ಹಿಂಗಿಂಗೈತೆ ಅಂತ ಹೇಳಿ ಮಾರು ಅಂದೆ. ಹೇಳಿದ್ರೆ ಯಾವನ್ ತಗತಾನೆ, ಗುಜರಿಯೋನು ತಗತಾನೆ, ತೂಕಕ್ಕೆ. ನಕ್ಕ. ಅವನ ನಗು ನನ್ನ ಮಗನ ನಗುವೇ, ಕೆಟ್ಟವನಲ್ಲ ಅವನು, ಟೀ ಅಂಗಡಿಯಲ್ಲಿ ಕೂತ ಡ್ರೈವರುಗಳೆಲ್ಲ ಹಾಗೇ ಮಾರಿದವರು, ಹಾಗೇ ಕೊಂಡವರು, ಅವನೂ ಇದನ್ನು ಹಳೇ ಗಾಡಿಯಾಗೇ ಕೊಂಡದ್ದು. ಫೋನಿನಲ್ಲಿ ಕಾರಿನ ಫೋಟೋ ಹಾಕಿದ, ಕಾರಿನ ಪುಸ್ತಕದ ಫೋಟೋನೂ ಹಾಕಿದ, ಯಾರೋ ಮಲ್ಲಿಪಟ್ಟಣದಿಂದ ಫೋನ್ ಮಾಡವ್ರೆ ಅವ್ವ, ನಿನ್ ಹೆಸರು ಓದಿ ಯಾವ್ ಬೆಟ್ಟಮ್ಮ ಅಂತ ಕೇಳ್ತಾವ್ರೆ, ಚನ್ನರಾಯಪಟ್ಟಣದಲ್ಲಿ ಬ್ಯಾರೆ ಗಾಡಿ ನೋಡಿದ್ರಂತೆ, ಚಲುವಯ್ಯನ ಹೆಂಡ್ತಿ ಬೆಟ್ಟಮ್ಮನದಾದ್ರೆ ಅದು ಬ್ಯಾಡ ಇದೇ ಇರ್ಲಿ ಅಂತಾವ್ರೆ, ಕೆಂಪಣ್ಣ ಮೇಷ್ಟ್ರಂತೆ, ಗೊತ್ತೇನವ್ವ ನಿಂಗೆ?

ಗೊತ್ತೇನವ್ವ ಅಂತ ಕೇಳಿದ. ಮೇಷ್ಟ್ರು ನಮ್ಮೂರಲ್ಲಿದ್ದಾಗ ಇವನು ಆಗಷ್ಟೇ ತೊಟ್ಟಿಲು ಬಿಟ್ಟು ಎದ್ದಿದ್ದ, ಇವನನ್ನು ಮಡಿಲಲ್ಲಿ ಹಾಕಿಕೊಂಡೇ ನಾನು ರಾತ್ರಿ ಶಾಲೆಗೆ ಕೂತದ್ದು, ಶಾಲೆ ಅಂದರೆ ನಮ್ಮ ಕೇರಿಯ ಮಾರಮ್ಮನ ಗುಡಿ ಜಗಲಿ, ಊರೊಳಗಿನ ಸ್ಕೂಲಿಗೆ ನಾವು ರಾತ್ರಿ ಹೊತ್ತು ಹೋಗುವುದಿಲ್ಲ ಅಂದಾಗ ಮೇಷ್ಟ್ರು ಗ್ಯಾಸ್‌ಲೈಟು ಹಿಡಿದುಕೊಂಡು ತಾವೇ ಬಂದರು, ಬಂದವರು ಗುಡಿ ಪಕ್ಕದ ಸಣ್ಣವ್ವನ ಮನೆಯಲ್ಲಿ ನೀರು ಕೇಳಿ ಕುಡಿದರು, ಕೇರಿಯೇ ಬಾಗಿಲಿಗೆ ಬಂದು ನೋಡಿತು, ಮೇಷ್ಟ್ರು ಲೋಟ ಕೆಳಗಿಟ್ಟು, ಇವತ್ತು ಬ ಅಂದರು. ಬೆಟ್ಟಮ್ಮ, ನಿನ್ನ ಅಕ್ಷರ, ಬಾ. ಕಳೆ ಕಿತ್ತ ಕೈ ಬಳಪ ಹಿಡಿಯುವುದಿಲ್ಲ, ಜಾರುತ್ತದೆ, ಅವರು ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ತಿದ್ದಿಸಿದರು, ಸ್ಲೇಟಿನ ಧೂಳೆಲ್ಲ ಅವರ ಅಂಗೈಗೆ, ಉದ್ದ ಬೆರಳಿನ ದೊಡ್ಡ ಅಂಗೈ, ಹಿಡಿದರೆ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ — ಅದೇ ಅಂಗೈ. ನಾಟಿ ಮಾಡಿದೋಳು ನೀನು, ಸಾಲು ಬಿಟ್ಟು ಆಚೆ ಹೋಗ್ತೀಯಾ, ಹೋಗಲ್ಲ, ಇದೂ ಹಂಗೇ ಕಣಮ್ಮ, ನಿಧಾನ, ಯಾರೂ ಓಡಿಸ್ಕೊಂಡು ಬರ್ತಿಲ್ಲ. ನಾನು ನಿಧಾನವೇ, ಎಲ್ಲರೂ ಹೆಸರು ಬರೆದು ಮುಗಿಸಿದಾಗ ನಾನಿನ್ನೂ ಟ-ಕ್ಕೆ ಒತ್ತು ಹುಡುಕುತ್ತಿದ್ದೆ, ಅವರು ಬೇಸರ ಮಾಡಿಕೊಂಡವರಲ್ಲ. ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಹೋಗುವ ದಿನ ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟರು, ತಮ್ಮ ಹೊಸ ಊರಿನ ವಿಳಾಸ ತಾವೇ ಬರೆದು, ಇದೇ ನಿಮ್ಮ ಪರೀಕ್ಷೆ, ಏನಾದರೂ ಬರೀರಿ, ಮಳೆ ಆಯ್ತು ಅಂತ ಬರೀರಿ, ಎಮ್ಮೆ ಕರು ಹಾಕ್ತು ಅಂತ ಬರೀರಿ, ನಿಮ್ಮ ಕೈಯಲ್ಲಿ ಬರೆದು ಡಬ್ಬಿಗೆ ಹಾಕಿ. ಎಲ್ಲರೂ ಹಾಕಿದರು. ಸಣ್ಣವ್ವ ಕೋಳಿ ಕಳುವಾದದ್ದನ್ನು ಬರೆದಳಂತೆ. ನಾನು ಕೂತೆ, ಪೂಜ್ಯ ಮೇಷ್ಟ್ರಿಗೆ ಬೆಟ್ಟಮ್ಮ ಮಾಡುವ ನಮಸ್ಕಾರ, ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ, ನಾನು — ಅಲ್ಲಿಗೆ ನಿಂತಿತು. ನಾನು ಏನು? ನಾನು ಅಂತ ಬರೆದ ಮೇಲೆ ಏನು ಬರೆಯಬೇಕು, ಯೋಚಿಸಿದೆ, ನಾಳೆ ಬರೆಯೋಣ ಅಂದುಕೊಂಡೆ, ಅಕ್ಷರ ವಕ್ರವಾಗಿತ್ತು, ನಾಚಿಕೆಯಾಯಿತು, ಕಾರ್ಡು ಟ್ರಂಕಿನ ತಳಕ್ಕೆ ಹೋಯಿತು, ಯಜಮಾನರು ಹೋದರು, ನಾಗೇಶ ಬೆಳೆದ, ಮದುವೆಯಾದ, ಕಾರು ಬಂತು, ಕಾರು ಹಳತಾಯಿತು, ನಾನು ಅನ್ನುವ ಅಕ್ಷರ ಹಾಗೇ ಕತ್ತಲಲ್ಲಿ ಕೂತಿತ್ತು. ಹೋದ ವಾರ ಕಾರು ನೋಡಲು ಬಸ್ಸಿಳಿದು ಅಂಗಳಕ್ಕೆ ಬಂದವರು ಕೊಡೆ ಗೋಡೆಗೆ ಒರಗಿಸಿ ಮೊದಲು ಹೇಳಿದ್ದೇ ಅದು, ಬೆಟ್ಟಮ್ಮ, ಎಲ್ರದ್ದೂ ಬಂತು, ನಿನ್ನ ಕಾಗದ ಇನ್ನೂ ಬಂದಿಲ್ಲ ಕಣಮ್ಮ. ಕಿವಿ ಮಂದವಾಗಿದೆ, ಅದಕ್ಕೇ ಕೂಗಿ ಹೇಳಿದರು, ಕೇರಿಗೆಲ್ಲ ಕೇಳಿಸಿತು, ಎಲ್ಲರೂ ನಕ್ಕರು, ನಾನೂ ನಕ್ಕೆ.

ನಗಬಾರದಿತ್ತು, ಆಗಲೇ ಹೇಳಬೇಕಿತ್ತು, ಬಾಯಿ ತೆರೆದಿತ್ತಲ್ಲ. ನಮ್ಮಪ್ಪ ಲಕ್ಕಯ್ಯ ಇದ್ದಿದ್ದರೆ, ಅವನು ಎತ್ತು ಮಾರುವುದನ್ನು ನೋಡಬೇಕಿತ್ತು, ಕೊಳ್ಳುವವನು ಹಲ್ಲು ಎಣಿಸುವ ಮೊದಲೇ ತಾನೇ ಶುರು ಮಾಡುತ್ತಿದ್ದ, ನೋಡಪ್ಪ, ಇದರ ಎಡಗಾಲ ಗೊರಸು ಮೆದು, ಕಲ್ಲು ದಾರೀಲಿ ಕುಂಟ್ತದೆ, ಹಳ್ಳದ ನೀರು ಕಂಡ್ರೆ ಬೆದರ್ತದೆ, ಹೊಸಬ್ರು ಕೈಯಾಗೆ ಮೊದ್ಲು ಮೇವು ಮುಟ್ಟಲ್ಲ, ಬೆನ್ ಮ್ಯಾಲೆ ಆ ಸುಳಿ ಐತಲ್ಲ, ಒಬ್ರು ಒಳ್ಳೇದು ಅಂತಾರೆ ಒಬ್ರು ಕೆಟ್ಟದ್ದು ಅಂತಾರೆ, ನಿಂಗೆ ತೋಚ್ದಂಗೆ. ಎಲ್ಲ ಐಬು ಹೇಳಿ ಮುಗಿಸಿ, ಇನ್ನೇನೂ ಉಳಿದಿಲ್ಲ ಅನ್ನುವಾಗ ಅವ್ವನ ಕಡೆ ನೋಡುತ್ತಿದ್ದ, ಅವ್ವ ಒಳಗಿಂದ ಬಂದು ಎತ್ತಿನ ಕೊರಳ ಹಗ್ಗ ಬಿಚ್ಚಿಕೊಳ್ಳುತ್ತಿದ್ದಳು, ಹಗ್ಗ ನಮ್ಮದು, ನಮ್ಮ ಮನೆಯಲ್ಲೇ ಉಳಿಯಬೇಕು, ಕೊಂಡವನು ಹೊಸ ಹಗ್ಗ ತರಬೇಕು. ಅವ್ವ ಹಗ್ಗ ಬಿಚ್ಚಿದಳೆಂದರೆ ಮುಗಿಯಿತು, ಹೇಳುವುದು ಏನೂ ಉಳಿದಿಲ್ಲ ಅಂತ ಅರ್ಥ, ಆಮೇಲೆ ಕೊಂಡವನು ಕೇಳುವ ಹಾಗಿಲ್ಲ, ಮಾರಿದವನು ಮಾತಾಡುವ ಹಾಗಿಲ್ಲ, ಹಲ್ಲೂ ನೋಡುವುದಿಲ್ಲ, ಗೊರಸೂ ಎತ್ತುವುದಿಲ್ಲ, ಸುತ್ತಲ ಊರಿಗೆಲ್ಲ ಗೊತ್ತಿತ್ತು, ಅರಕಲಗೂಡಿನ ಕಡೆಯವರಿಗೂ ಗೊತ್ತಿತ್ತು, ಮಲ್ಲಿಪಟ್ಟಣದ ಬೇಸಾಯದ ಮನೆಯಲ್ಲಿ ಹುಟ್ಟಿದ ಕೆಂಪಣ್ಣ ಮೇಷ್ಟ್ರಿಗೆ ಗೊತ್ತಿರದೆ ಇರುತ್ತದೆಯೇ. ನನ್ನ ಕೈಗೂ ಗೊತ್ತಿತ್ತು. ಕೈಗೆ ಗೊತ್ತಿದ್ದದ್ದೇ ತಪ್ಪಾಯಿತು.

ಅವತ್ತು ಬೆಳಿಗ್ಗೆ ನಾಗೇಶ ಕಾರು ತೊಳೆದ, ಮಗುವಿಗೆ ಎರೆದ ಹಾಗೆ ತೊಳೆದ, ಡಬ್ಬದಿಂದ ಏನೋ ಮಂದ ಎಣ್ಣೆ ಎಂಜಿನ್ನಿಗೆ ಸುರಿದ, ಕಾಕಂಬಿಯ ಹಾಗಿತ್ತು, ಇದು ಹೊಗೆ ಕುಡ್ಕೊತದೆ ಕಣವ್ವ, ಸ್ವಲ್ಪ ದಿಸ, ಅಂದ. ಅವರ ಬಸ್ಸು ಬರುವ ಮೊದಲೇ ಚಾಲೂ ಮಾಡಿ ಓಡಿಸಿಟ್ಟ, ಬಿಸಿ ಇದ್ರೆ ಸದ್ದು ಮಾಡಕಿಲ್ಲ, ನೀನ್ ಏನೂ ಮಾತಾಡ್ಬ್ಯಾಡ, ಕೂತ್ಕೊ, ಸಹಿ ಮಾತ್ರ ಹಾಕು. ಬಂದರು, ಮೇಷ್ಟ್ರು, ಬಿಳಿ ಅಂಗಿ, ಬಿಳಿ ಪಂಚೆ, ಕೂದಲೂ ಬಿಳಿ, ಜೊತೆಗೆ ಮಗಳು ಶೋಭಿತಾ, ಗಟ್ಟಿ ಹೆಂಗಸು, ಗಾರ್ಮೆಂಟ್ಸಿನಲ್ಲಿ ನಿಂತು ನಿಂತು ಕಾಲು ಊದಿತ್ತಂತೆ, ಆ ಹೆಂಗಸರನ್ನು ಕರೆತರುವ ವ್ಯಾನಿನವನು ಕುಡಿದು ಓಡಿಸುತ್ತಾನೆ ಎಂದು ತಾನೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದಾಳೆ, ಮೇಷ್ಟ್ರು ಪಿಂಚಣಿಯಲ್ಲಿ ಉಳಿಸಿದ್ದನ್ನು ಮಗಳಿಗೆ ಕೊಟ್ಟಿದ್ದಾರೆ. ಮೀಟರು ನೋಡಿ ಮೇಷ್ಟ್ರು ಗಟ್ಟಿಯಾಗಿ ಓದಿದರು, ಅಲೆಲೆ, ಮೂರು ಲಕ್ಷ ನಲವತ್ತು ಸಾವ್ರ, ಬೆಟ್ಟಮ್ಮ, ನೀನೂ ಇಷ್ಟೇ ನಡೆದಿರ್ಬೇಕು ನೋಡು ಗದ್ದೆಗೂ ಮನೆಗೂ, ಇನ್ನೂ ಗಟ್ಟಿಯಾಗಿಲ್ವಾ! ಓಡಿಸಿ ನೋಡೋಣ ಎಂದು ಶೆಟ್ಟಿಹಳ್ಳಿ ದಿಕ್ಕಿಗೆ ಹೋದೆವು, ಶೋಭಿತಾ ಓಡಿಸಿದಳು, ಮೇಷ್ಟ್ರು ಮುಂದೆ, ನಾನೂ ನಾಗೇಶನೂ ಹಿಂದೆ, ಕಾರು ಬೆಣ್ಣೆಯ ಹಾಗೆ ಹೋಯಿತು, ನನಗೆ ಬೇಕಾದ್ದು ಅದಲ್ಲ, ಕೆಮ್ಮೇ, ನಮ್ಮವ್ವ, ಒಂದು ಸಲ ಕೆಮ್ಮು, ಹೊಗೆ ಬಿಡು, ನಾನು ಹೇಳಲಾರದ್ದನ್ನು ನೀನಾದರೂ ಹೇಳು ಎಂದು ಸೀಟಿನ ಬಟ್ಟೆ ಹಿಡಿದು ಬೇಡಿಕೊಂಡೆ, ಹನ್ನೊಂದು ವರ್ಷದಲ್ಲಿ ಅವತ್ತಿನಷ್ಟು ಚೆನ್ನಾಗಿ ಅದು ಯಾವತ್ತೂ ಓಡಿದ್ದಿಲ್ಲ, ಅದೂ ನನ್ನ ಹಾಗೇ, ಬಂದವರ ಮುಂದೆ ಮಾನ ಉಳಿಸಿಕೊಂಡಿತು. ದೂರದಲ್ಲಿ ನೀರಿನ ನಡುವೆ ಚರ್ಚಿನ ಗೋಡೆ ಕಂಡಿತು, ಮೇಷ್ಟ್ರು ತಿರುಗಿ, ನೋಡಮ್ಮ, ಮಳೆಗಾಲದಲ್ಲೆಲ್ಲ ಮುಳುಗ್ತಾ ಇರ್ತದೆ, ಬೇಸಿಗೇಲಿ ಎದ್ದು ನಿಂತಿರ್ತದೆ ಅಂದರು, ನಾನು ತಲೆ ಆಡಿಸಿದೆ. ವಾಪಸು ಬಂದು ಅಂಗಳದಲ್ಲಿ ನಿಂತ ಕಾರಿನ ಮೈ ಮೇಲೆ ನೀರು ಇನ್ನೂ ಆರಿರಲಿಲ್ಲ, ದಾರಿಯಲ್ಲಿ ತುಂತುರು ಬಿದ್ದಿತ್ತು. ಶೋಭಿತಾ ಅಂದಳು, ಅಪ್ಪ, ಒಂದ್ಸಲ ಬಾನೆಟ್ ಎತ್ತಿ ನೋಡಾಣ, ಎಂಜಿನ್ ಓಡೋವಾಗ ಎಣ್ಣೆ ಮುಚ್ಚಳ ತೆಗೆದ್ರೆ ಗೊತ್ತಾಯ್ತದಂತೆ, ನಮ್ ಡ್ರೈವಿಂಗ್ ಸ್ಕೂಲಲ್ಲಿ ಹೇಳವ್ರೆ. ನಾಗೇಶನ ಮುಖ ಬಿಳಿಚಿತು. ನೋಡೋಣ ನೋಡೋಣ ಎಂದು ಮೇಷ್ಟ್ರು ಬಾನೆಟ್ಟಿನ ಮೇಲೆ ಕೈ ಇಟ್ಟರು. ನನ್ನೊಳಗೆ ಏನೋ ಹಗುರಾಯಿತು, ಈಗ ಎತ್ತುತ್ತಾರೆ, ಈಗ ಕಾಣುತ್ತದೆ, ಇಲ್ಲವಾದರೆ ನಾನೇ ಹೇಳುತ್ತೇನೆ, ಹೇಳಿಯೇಬಿಡುತ್ತೇನೆ ಎಂದು ಎದ್ದು ಮುಂದೆ ಹೋದೆ, ಹೋಗಿ ಕಾರಿನ ಮುಂದೆ ನಿಂತೆ, ಬಾಯಿ ಮಾತು ಹುಡುಕುತ್ತಿತ್ತು, ನಾನು ನಿಧಾನ, ಕೈ ಸುಮ್ಮನಿರಲಿಲ್ಲ, ಗಾಡಿ ಹೋಗುತ್ತಿದೆ ಅಂತ ಕೈಗೆ ಗೊತ್ತಲ್ಲ, ಅವ್ವನ ಕೈ ಅದು, ಅದರ ಪಾಡಿಗೆ ಅದು ಕಾರಿನ ಮುಂದೆ ಕಟ್ಟಿದ್ದ ದೃಷ್ಟಿದಾರದ ಗಂಟು ಬಿಚ್ಚುತ್ತಿತ್ತು. ಕವಡೆ ನನ್ನ ಬೆರಳಿಗೆ ಬಂದಾಗಲೇ ನೋಡಿದ್ದು ನಾನು. ಮೇಷ್ಟ್ರೂ ನೋಡಿದರು. ಅವರ ಮುಖ ಅರಳಿತು, ಓಹೋ, ಬೇಡ ಬಿಡವ್ವ ಶೋಭಿ, ಬೆಟ್ಟಮ್ಮ ದಾರ ಬಿಚ್ಚಾಯ್ತು, ಲಕ್ಕಯ್ಯನ ಮಗಳು ಬಿಚ್ಚಿದ ಮ್ಯಾಲೆ ನಾವು ಇಣುಕಿ ನೋಡಿದ್ರೆ ಅವಮಾನ, ಅಲ್ವೇನಮ್ಮ — ಎಂದು ಬಾನೆಟ್ಟಿನ ಮೇಲಿನ ಕೈ ತೆಗೆದರು. ತೆಗೆದ ಜಾಗದಲ್ಲಿ ಅಂಗೈ ಉಳಿಯಿತು, ಹನಿಗಳ ನಡುವೆ, ಐದು ಬೆರಳು. ಅಲ್ವೇನಮ್ಮ ಅಂತ ಕೇಳಿದರಲ್ಲ, ನಾನು, ಹ್ಞೂಂ ಮೇಷ್ಟ್ರೆ, ಅಂದೆ.

ಅಷ್ಟೇ, ಹ್ಞೂಂ, ಒಂದೇ ಅಕ್ಷರ, ಅದನ್ನು ಅನ್ನಲು ಬಳಪವೂ ಬೇಕಿಲ್ಲ ಏನೂ ಬೇಕಿಲ್ಲ. ಆಮೇಲೆ ಕಾಗದ ಬಂತು, ಕಾರು ಕೊಟ್ಟೆ ಅನ್ನುವ ಕಾಗದ, ಇಲ್ಲಿ ಅಂತ ನಾಗೇಶ ಬೆರಳು ತೋರಿಸಿದ, ಬೆಟ್ಟಮ್ಮ ಎಂದು ಬರೆದೆ, ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು, ಮಗಳನ್ನು ಕರೆದು ತೋರಿಸಿದರು, ನೋಡವ್ವ ಒತ್ತಕ್ಷರ, ಮರೆತಿಲ್ಲ, ಹೆಬ್ಬೆಟ್ಟು ಒತ್ತಿದೋಳಲ್ಲ ಇವಳು! ಹೆಬ್ಬೆಟ್ಟೇ ವಾಸಿಯಿತ್ತು, ಮೇಷ್ಟ್ರೆ. ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ನನಗೆ ಮೋಸವಾಗುತ್ತಿತ್ತು, ನಾನು ಮಾಡಿದ್ದಿಲ್ಲ. ಹೊರಡುವಾಗ ಶೋಭಿತಾ ನನ್ನ ಕಾಲು ಮುಟ್ಟಿದಳು. ಕಾರು ಕೇರಿ ತಿರುವು ದಾಟುವ ತನಕ ಹೊಗೆ ಬರಲಿಲ್ಲ. ಅವತ್ತಿನಿಂದ ಊಟ ಸೇರಿಲ್ಲ, ನಾಗಲಕ್ಷ್ಮಿ ಗ್ಯಾಸ್ಟ್ರಿಕ್ಕು ಅಂತ ಜೀರಿಗೆ ಕಷಾಯ ಕೊಡುತ್ತಾಳೆ. ಕಣ್ಣು ಮುಚ್ಚಿದರೆ ಅರಕಲಗೂಡು ರಸ್ತೆಯ ಏರು, ಕತ್ತಲು, ಕೆಲಸ ಮುಗಿಸಿ ಕುತ್ತಿಗೆ ನೋಯುತ್ತಿರುವ ಹೆಂಗಸರು ಒಬ್ಬರ ಮೇಲೊಬ್ಬರು ತೂಕಡಿಸುತ್ತಿದ್ದಾರೆ, ಕಾರು ಕಚ್ಚಿಕೊಂಡು ನಿಲ್ಲುತ್ತದೆ, ಹಿಂದಿನಿಂದ ಲಾರಿಯ ಬೆಳಕು, ಶೋಭಿತಾ ಇಳಿದು ಬಾನೆಟ್ ಎತ್ತುತ್ತಾಳೆ, ಈಗ ಎತ್ತುತ್ತಾಳೆ, ಆಗ ಅವಳಿಗೆ ಅಪ್ಪನ ಮಾತು ನೆನಪಾಗುತ್ತದೆ, ಬೆಟ್ಟಮ್ಮ ದಾರ ಬಿಚ್ಚಾಯ್ತು — ಸೋಮವಾರದಿಂದ ಅಂದಳಲ್ಲ ನಾಗಲಕ್ಷ್ಮಿ, ಇವತ್ತು ಬುಧವಾರ. ಮತ್ತೆ ನಾಳೆ ಬ್ಯಾಂಕು, ಬಂದ ದುಡ್ಡು ನನ್ನ ಖಾತೆಯಲ್ಲೇ ಇದೆ, ಅವ್ವ, ಗುರುವಾರವೇ ಓಗಿ ತೆಗೆದುಬುಡಾಣ, ಶುಕ್ರವಾರ ಲಕ್ಷ್ಮೀನ ಆಚೆ ಕಳಿಸ್ಬಾರ್ದು ಅಂತ ನೀನೇ ಅಂತೀಯ, ಹೊಸ ಗಾಡಿಯೋನಿಗೆ ಮಾತು ಕೊಟ್ಟಿವ್ನಿ ಅಂದಿದ್ದಾನೆ ನಾಗೇಶ. ನಾಳೆ ಸಹಿ ಹಾಕಿದರೆ ಆಯಿತು, ಮೇಷ್ಟ್ರಿಗೆ ಹಿಂತಿರುಗಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ, ಹಾಕದಿದ್ದರೆ ನನ್ನ ಮಗ ಬೇರೆಯವರ ಗಾಡಿಗೆ ದಿನಗೂಲಿ ಡ್ರೈವರಾಗಿ ಹೋಗಬೇಕು, ಆ ಬೆನ್ನು ಇಟ್ಟುಕೊಂಡು. ಫೋನ್ ಮಾಡಬಹುದು, ಮಾಡಿದರೆ ಶೋಭಿತಾ ಎತ್ತುತ್ತಾಳೆ, ಮೇಷ್ಟ್ರಿಗೆ ಕೇಳುವುದಿಲ್ಲ, ನಾನು ಕೂಗಬೇಕು, ಇನ್ನೊಂದು ಸಲ ಈ ಬಾಯಿಯಿಂದಲೇ, ಹ್ಞೂಂ ಅಂದ ಈ ಬಾಯಿಯನ್ನು ನಾನೇ ನಂಬುವುದಿಲ್ಲ. ಕೈ ತೊಳೆದುಕೊಂಡೆ. ಕಲೆ ಅಲ್ಲೇ ಇತ್ತು. ಟ್ರಂಕಿನ ತಳದಲ್ಲಿ, ಯಜಮಾನರ ಟವೆಲ್ಲಿನ ಕೆಳಗೆ, ಕಾರ್ಡು, ಅಂಚು ಹಳದಿಯಾಗಿದೆ, ನುಸಿ ವಾಸನೆ, ಮೇಷ್ಟ್ರ ದುಂಡು ಅಕ್ಷರದ ಚನ್ನರಾಯಪಟ್ಟಣ, ಅದಕ್ಕೆ ಒಂದು ಗೆರೆ ಎಳೆದು ಕೆಳಗೆ ಮಲ್ಲಿಪಟ್ಟಣ ಬರೆದೆ, ಅರಕಲಗೂಡು ತಾಲ್ಲೂಕು ಬರೆದೆ, ಹಿಂದಕ್ಕೆ ತಿರುಗಿಸಿದೆ, ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ, ನಾನು. ಮೊಮ್ಮಕ್ಕಳ ಪೆನ್ನು, ಹೊಸ್ತಿಲ ಮೇಲೆ ಕೂತೆ, ಸಾಲು ಬಿಟ್ಟು ಆಚೆ ಹೋಗ್ತೀಯಾ, ನಿಧಾನ, ಯಾರೂ ಓಡಿಸ್ಕೊಂಡು ಬರ್ತಿಲ್ಲ. ನಾನು ನಿಮಗೆ ಮೋಸ ಮಾಡಿದೆ. ಕಾರಿನ ಎಂಜಿನ್ ಕೆಟ್ಟಿದೆ, ನನಗೆ ಮೊದಲೇ ಗೊತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಚಾಲೂ ಮಾಡಿ ನೋಡಿ, ಹೊಗೆ ಬರುತ್ತದೆ. ಶೋಭಿತಾ ಅದರಲ್ಲಿ ಹೆಂಗಸರನ್ನು ಕೂರಿಸಬಾರದು. ಕಾರು ತಂದುಬಿಡಿ, ದುಡ್ಡು ನನ್ನ ಖಾತೆಯಲ್ಲೇ ಇದೆ, ಮುಟ್ಟುವುದಿಲ್ಲ. ದಾರ ಬಿಚ್ಚಿದಾಗ ನಾನು ಐಬು ಹೇಳಿರಲಿಲ್ಲ. ನೀವು ಕೈ ತೆಗೆಯಬಾರದಿತ್ತು. ಅಷ್ಟು ಬರೆಯುವಷ್ಟರಲ್ಲಿ ಜಾಗ ಮುಗಿಯಿತು, ಇಂತಿ ಅನ್ನುವುದನ್ನು ಮೂಲೆಯಲ್ಲಿ ಅಡ್ಡವಾಗಿ ಬರೆದು ಬೆಟ್ಟಮ್ಮ ಎಂದು ಬರೆದೆ, ಎರಡು ಒತ್ತೂ ಸರಿಯಾಗಿ ಬಂದವು.

ಬಿಸಿಲು ನೆತ್ತಿಗೆ ಬರುತ್ತಿದೆ, ಕಟ್ಟಾಯದ ರಸ್ತೆ, ಕಾರ್ಡು ಸೆರಗಿನೊಳಗೆ, ಬೆವರು ತಾಗಬಾರದು, ಶಾಯಿ ಹರಡುತ್ತದೆ, ಹರಡಿದರೆ ಓದಲಾಗುವುದಿಲ್ಲ, ಓದಲಾಗದಿದ್ದರೆ ಒಳ್ಳೆಯದೇ ಅನ್ನುತ್ತದೆ ಒಳಗೊಂದು, ಸುಮ್ಮನಿರು ಅನ್ನುತ್ತೇನೆ. ಸಣ್ಣಯ್ಯನ ಗ್ಯಾರೇಜು ದಾಟದೆ ಪೋಸ್ಟಾಫೀಸಿಗೆ ದಾರಿಯಿಲ್ಲ, ಅವನು ಯಾವುದೋ ಟ್ರ್ಯಾಕ್ಟರಿನ ಕೆಳಗಿನಿಂದ ತಲೆ ಹೊರಗೆ ಹಾಕಿದ, ಓಹೋ ಬೆಟ್ಟಕ್ಕ, ಗಾಡಿ ಓಯ್ತಂತೆ, ಯಾವ ಪುಣ್ಯಾತ್ಮನ ತಲೆಗೆ ಕಟ್ಟುದ್ರಿ? ನಿನ್ ಮಗ ಬಲೇ ಕಿಲಾಡಿ ಬುಡು, ನಂಗೊಂದು ಟೀನಾದ್ರೂ ಕುಡಿಸ್ಬೇಕಿತ್ತು! ಪಕ್ಕದಲ್ಲಿದ್ದವರು ನಕ್ಕರು. ನಾನು ನಿಂತೆ. ನಮ್ ಮೇಷ್ಟ್ರಿಗೆ ಕಣೋ ಸಣ್ಣಯ್ಯ ಅಂದೆ, ರಾತ್ರಿ ಶಾಲೆ ಮೇಷ್ಟ್ರಿಗೆ, ನಿಮ್ಮವ್ವಂಗೂ ಅವರೇ ಕಲಿಸಿದ್ದು. ಅವನು ಮೆಲ್ಲಗೆ ಹೊರಗೆ ಬಂದು ಎದ್ದು ಕೂತ, ಬಟ್ಟೆಗೆ ಕೈ ಒರೆಸಿ ಒರೆಸಿ, ಕೆಂಪಣ್ಣ ಮೇಷ್ಟ್ರಿಗಾ ಅಂದ, ನಾನು ನಡೆದೆ, ನಾಚಿಕೆಗೆ ಬೆನ್ನೂ ಉರಿಯುತ್ತದೆ ಅಂತ ಗೊತ್ತಿರಲಿಲ್ಲ. ಪೋಸ್ಟಾಫೀಸಿನ ಹೆಂಗಸು ಕಾರ್ಡು ತಿರುಗಿಸಿ ನೋಡಿ, ಅಜ್ಜಿ, ಇದು ಯಾವ ಕಾಲದ್ದು, ಹದಿನೈದು ಪೈಸೆ ಅಂತ ಅಚ್ಚಾಗಿದೆ, ಇದಕ್ಕೆ ಇನ್ನೂ ಸ್ಟಾಂಪ್ ಹಚ್ಬೇಕು. ಹಚ್ಚವ್ವ. ಹಚ್ಚುವಾಗ ಓದಿದಳು, ಓದದೆ ಇರುತ್ತಾಳೆಯೇ, ಕಾರ್ಡು ಅಂದಮೇಲೆ ಎಲ್ಲ ತೆರೆದೇ ಇರುತ್ತದೆ, ಕಣ್ಣು ಸಾಲಿನಿಂದ ಸಾಲಿಗೆ ಹೋಗುವುದು ಕಾಣುತ್ತಿತ್ತು, ನಾನು ನಿಂತೇ ಇದ್ದೆ, ಮುಖ ಎತ್ತಿ ಮೆಲ್ಲಗೆ, ಅಜ್ಜಿ, ಒಂದು ಕವರ್ ಕೊಡ್ತೀನಿ, ಒಳಗೆ ಹಾಕಿ ಅಂಟಿಸಿ, ದಾರೀಲಿ ಎಲ್ರೂ ಓದ್ತಾರೆ, ಊರಿನ ಪೋಸ್ಟ್‌ಮ್ಯಾನೂ ಓದ್ತಾನೆ ಅಂದಳು. ಒಳ್ಳೆಯವಳು. ಬ್ಯಾಡ ಕಣವ್ವ, ಅಂಗೇ ಓಗ್ಲಿ, ಶನಿವಾರದೊಳಗೆ ಸೇರ್ತದಾ? ಸೇರ್ತದೆ, ಹೊರಗೆ ಡಬ್ಬಿಗೆ ಹಾಕಿ, ಈಗಲೇ ತೆಗೀತಾರೆ. ಹೊರಗೆ ಬಂದೆ. ಕೆಂಪು ಡಬ್ಬಿ, ಬಾಯಿ ತೆರೆದುಕೊಂಡಿದೆ, ಬಿಸಿಲಿಗೆ ಕಾದಿದೆ, ಸಂಜೆ ನಾಗೇಶನಿಗೆ ಹೇಳಬೇಕು, ಅವನು ಕೂಗುತ್ತಾನೆ, ಕೂಗಲಿ, ಆಮೇಲೆ ಮಾತು ಬಿಡುತ್ತಾನೆ, ಅದು ಕಷ್ಟ, ಅಪ್ಪನ ಹಾಗೇ ಅವನು, ತಿಂಗಳುಗಟ್ಟಲೆ ಬಿಡುತ್ತಾನೆ, ನಾನು ಬಡಿಸುತ್ತೇನೆ ಅವನು ಉಣ್ಣುತ್ತಾನೆ, ಮೇಷ್ಟ್ರು ಹೊಸ್ತಿಲಲ್ಲಿ ಕೂತು ಕನ್ನಡಕ ಏರಿಸುತ್ತಾರೆ, ಶೋಭಿ, ಬೆಟ್ಟಮ್ಮನ ಕಾಗದ ಬಂತು ನೋಡವ್ವ, ಕೊನೆಗೂ ಬಂತು ಎಂದು ಕೂಗುತ್ತಾರೆ, ಕಿವಿ ಮಂದ, ಬೀದಿಗೆಲ್ಲ ಕೇಳುವ ಹಾಗೆ, ನಗುತ್ತ ಓದಲು ಶುರು ಮಾಡುತ್ತಾರೆ, ಕ್ಷೇಮ ಅನ್ನುವ ತನಕ ನಗುತ್ತಿರುತ್ತಾರೆ, ನಾನು ಅನ್ನುವ ತನಕ — ಎಡಗೈ ಡಬ್ಬಿಯ ಮೈಗೆ ಊರಿದೆ, ಬಲಗೈ ಅದರ ಬಾಯೊಳಗಿದೆ, ಕಾರ್ಡಿನ ಅಂಚು ಬೆರಳಿನಲ್ಲೇ ಇದೆ, ಬಿಡು, ಈ ಸಲ ಗೊತ್ತಿದ್ದೇ ಬಿಡು, ಬಿಟ್ಟೆ, ತಳಕ್ಕೆ ಬಿದ್ದ ಸದ್ದು ಬಂತು, ಒಣ ಎಲೆಯಷ್ಟು, ಎರಡೂ ಕೈ ತೆಗೆದೆ, ತೆಗೆದರೆ ಆ ಕೆಂಪು ತಗಡಿನ ಮೇಲೆ ನನ್ನ ಬೆವರಿನ ಅಂಗೈ, ಆರುತ್ತಿದೆ, ಆರಿಹೋಯಿತು, ಅದಲ್ಲ, ಇನ್ನೊಂದು, ಅದು ಆರುವುದಿಲ್ಲ, ಬಿಳಿ ಬಾನೆಟ್ಟು, ಸುತ್ತ ಹನಿ, ಐದು ಬೆರಳು, ಎತ್ತಲೆಂದು ಬಂದು ಎತ್ತದೆ ಹೋದ ಐದು ಬೆರಳು